ಮ್ಯಾಗ್ನೆಟ್ ಗೈಡ್ ಕೊಳ್ಳುವ ಮೊದಲು ಗರಗಸ ನೋಡಿ

ಮಡಿಕೇರಿ, ಸೋಮವಾರಪೇಟೆ ಕಡೆಯಿಂದ ನಮ್ಮ ವರ್ಕ್‌ಶಾಪಿಗೆ ಮರಗೆಲಸ ಕಲಿಯಲು ಬರುವವರು ಡವ್‌ಟೇಲ್ ಜಾಯಿಂಟಿನ (ಎರಡು ಹಲಗೆಗಳ ತುದಿಯನ್ನು ಪಾರಿವಾಳದ ಬಾಲದಂತೆ ಓರೆಯಾಗಿ ಕೊಯ್ದು ಒಂದರೊಳಗೊಂದು ಕೂರಿಸುವ ಜೋಡಣೆ) ಪಾಠಕ್ಕೆ ಬಂದ ಕೂಡಲೇ ಕೇಳುವುದು ಇದನ್ನೇ: "ಸರ್, ಮ್ಯಾಗ್ನೆಟ್ ಇರೋ ಗೈಡ್ ತಗೊಂಡ್ರೆ ಕೈ ಕೆಡುತ್ತಾ?" ಗೈಡ್ ಅಂದರೆ ಗರಗಸವನ್ನು ಬೇಕಾದ ಓರೆಯಲ್ಲಿ ಹಿಡಿದಿಡುವ ಸಾಧನ; ಅದರಿಂದ ಕೈಯ ಪಳಗು ಕೆಡುವುದಿಲ್ಲ. ಗರಗಸ ನೇರವಾಗಿ ಇಳಿದಾಗ ಮಣಿಕಟ್ಟು, ಮೊಣಕೈ ಹೇಗಿರಬೇಕು ಎಂಬುದು ಗೈಡ್ ಇಟ್ಟು ಕೊಯ್ದವರಿಗೆ ಬೇಗ ತಿಳಿಯುತ್ತದೆ. ಆಮೇಲೆ ಗೈಡ್ ಇಲ್ಲದೆಯೂ ಅದೇ ನಿಲುವು ಬರುತ್ತದೆ. ಹಾಗಾಗಿ ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ನಿಮ್ಮ ಹತ್ತಿರ ಯಾವ ಗರಗಸ ಇದೆ ಎಂದು ನೋಡದೆ ಗೈಡ್ ಆರಿಸಬೇಡಿ.

ಕೆಲಸ ಮಾಡುವ ಬಗೆ ಸರಳ. ಹಲಗೆಯನ್ನು ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮೇಲೆ ಗೈಡ್ ಕೂರಿಸುತ್ತೇವೆ. ಗೈಡಿನ ಬದಿ ನಮಗೆ ಬೇಕಾದ ಓರೆಯಲ್ಲೇ ಇರುತ್ತದೆ. ಒಳಗಿರುವ ನಿಯೋಡಿಮಿಯಂ ಮ್ಯಾಗ್ನೆಟ್ ಗರಗಸದ ಅಲಗನ್ನು ಆ ಬದಿಗೆ ಅಂಟಿಸಿಕೊಳ್ಳುತ್ತದೆ. ನಡುವೆ ನುಣುಪಾದ ಪ್ಲಾಸ್ಟಿಕ್ಕಿನ ತೆಳು ಪದರ ಇರುವುದರಿಂದ ಅಲಗು ಅಂಟಿಕೊಂಡೇ ಹಿಂದೆ ಮುಂದೆ ಜಾರುತ್ತದೆ. ಇಂಗ್ಲೆಂಡಿನ ಡೇವಿಡ್ ಬ್ಯಾರನ್ ಮಾಡುವ ಗೈಡಿರಲಿ, ಕೆನಡಾದ ವೆರಿಟಾಸ್ ಗೈಡಿರಲಿ, ತತ್ವ ಇದೇ.

ಈಗ ಗರಗಸಕ್ಕೆ ಬರೋಣ. ಕೊಯ್ಯುತ್ತಾ ಹೋದಂತೆ ಅಲಗು ಗೈಡಿನ ಬದಿಯಲ್ಲೇ ಕೆಳಗಿಳಿಯುತ್ತದೆ. ಅಲಗಿನ ಮೇಲಂಚಿಗೆ ಹಿತ್ತಾಳೆ ಅಥವಾ ಉಕ್ಕಿನ ಪಟ್ಟಿ ಇದ್ದರೆ, ಆ ಪಟ್ಟಿ ಗೈಡಿನ ತಲೆಗೆ ತಾಗಿದಲ್ಲಿಗೆ ಕೊಯ್ತ ನಿಂತಿತು. ಪಟ್ಟಿಯಿಂದ ಹಲ್ಲಿನವರೆಗೆ 40 ಮಿಲಿಮೀಟರ್ ಇದ್ದು, ಗೈಡಿನ ಬದಿ ಹಲಗೆಯ ತುದಿಯಿಂದ 25 ಮಿಲಿಮೀಟರ್ ಎತ್ತರ ಇದ್ದರೆ ಕೊಯ್ಯಲು ಸಿಗುವುದು 15 ಮಾತ್ರ. 18 ಮಿಲಿಮೀಟರ್ ಹಲಗೆಗೆ ಅದು ಸಾಲದು. ಅದಕ್ಕೇ ಇಂಥ ಗೈಡಿಗೆ ಬೆನ್ನುಪಟ್ಟಿ ಇಲ್ಲದ ಜಪಾನಿ ಗರಗಸ, ಅದರಲ್ಲೂ ಒಂದೇ ಅಂಚಿಗೆ ಹಲ್ಲಿರುವ 'ಕತಾಬಾ', ಚೆನ್ನಾಗಿ ಹೊಂದುತ್ತದೆ. ಅದನ್ನು ನಮ್ಮ ಕಡೆಗೆ ಎಳೆದು ಕೊಯ್ಯುವುದರಿಂದ ತೆಳು ಅಲಗು ಬಾಗುವುದಿಲ್ಲ. ಡವ್‌ಟೇಲ್ ಕೊಯ್ತ ಮರದ ಎಳೆಯುದ್ದಕ್ಕೆ ಇಳಿಯುವುದರಿಂದ ಹಲ್ಲೂ ಎಳೆಯುದ್ದ ಕೊಯ್ಯುವಂಥದ್ದೇ ಇರಲಿ. ಅಡ್ಡ ಕೊಯ್ಯುವ ಹಲ್ಲಿನಲ್ಲಿ ಕೆಲಸ ಬಹಳ ನಿಧಾನ.

ಮನೆಯಲ್ಲಿ ಈಗಾಗಲೇ ಪಟ್ಟಿಯ ಗರಗಸ ಇದ್ದವರು ಬೇಸರಪಡಬೇಕಿಲ್ಲ. ಮೊದಲ ಹತ್ತು ಮಿಲಿಮೀಟರ್ ಗೈಡಿನಲ್ಲಿ ಇಳಿಸಿ, ಗೈಡ್ ತೆಗೆದಿಟ್ಟು, ಉಳಿದದ್ದನ್ನು ಹಾಗೇ ಕೊಯ್ಯಿರಿ. ಅಷ್ಟು ಆಳ ಇಳಿದ ಮೇಲೆ ಕೊಯ್ದ ಸೀಳೇ ಅಲಗಿಗೆ ದಾರಿ. ನಮ್ಮೂರಿನ ಬೀಟೆಗೆ ನಾನು ಇದನ್ನೇ ಇಷ್ಟಪಡುತ್ತೇನೆ. ಬೀಟೆಯಂಥ ಗಟ್ಟಿ ಮರದಲ್ಲಿ ಜಪಾನಿ ಗರಗಸದ ಸಣ್ಣ ಹಲ್ಲು ಮುರಿಯುವ ಭಯವಿದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಶಾಖ ಕೊಟ್ಟು ಹಲ್ಲು ಗಟ್ಟಿ ಮಾಡಿದ ಜಪಾನಿ ಅಲಗಿಗೆ ಅರ ಹಿಡಿಯುವುದಿಲ್ಲ, ಅಲಗನ್ನೇ ಬದಲಿಸಬೇಕು. ಪಟ್ಟಿಯ ಗರಗಸವಾದರೆ ಅರ ಹಾಕಿ ಹರಿತ ಮಾಡಿಕೊಳ್ಳಬಹುದು.

ಹಾರ್ಡ್‌ವೇರ್ ಅಂಗಡಿಯ ಸಾಧಾರಣ ಗರಗಸವನ್ನು ಮಾತ್ರ ಗೈಡಿಗೆ ತಾಗಿಸಬೇಡಿ. ಅದರ ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಚೆನ್ನಾಗಿಯೇ ಬಾಗಿಸಿರುತ್ತಾರೆ. ಹೊರಚಾಚಿದ ಆ ಹಲ್ಲು ಪ್ಲಾಸ್ಟಿಕ್ ಪದರವನ್ನು ಕೆರೆದು ಹಾಕುತ್ತದೆ, ಸೀಳೂ ಅಗಲವಾಗಿ ಅಲಗು ಅದರೊಳಗೇ ಅಲ್ಲಾಡುತ್ತದೆ. ಇನ್ನೊಂದು ವಿಷಯ: ಕೆಲವು ಜಾತಿಯ ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಗರಗಸ ಕೊಳ್ಳುವಾಗ ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ.

ಓರೆಯ ಲೆಕ್ಕದಲ್ಲಿ ಸಿಗುವುದು ಹೆಚ್ಚಾಗಿ 1:6 ಮತ್ತು 1:8. ಅಂದರೆ ಸುಮಾರು ಒಂಬತ್ತೂವರೆ ಡಿಗ್ರಿ ಮತ್ತು ಏಳು ಡಿಗ್ರಿ. 18 ಮಿಲಿಮೀಟರ್ ಆಳಕ್ಕೆ ಮೊದಲನೆಯದು 3 ಮಿಲಿಮೀಟರ್ ಓರೆಯಾದರೆ ಎರಡನೆಯದು ಎರಡೂಕಾಲು. ಮೆದು ಮರಕ್ಕೆ 1:6, ಗಟ್ಟಿ ಮರಕ್ಕೆ 1:8 ಎಂಬ ರೂಢಿ ಇದೆ. ಬಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ನನಗೆ ಕಂಡಿಲ್ಲ, ನೋಟದಲ್ಲಿ ಇದೆ. ಓರೆ ತೀರಾ ಹೆಚ್ಚಾದರೆ ಟೇಲಿನ (ಜಾಯಿಂಟಿನ ಬಾಲದಾಕಾರದ ಭಾಗದ) ಮೂಲೆಯಲ್ಲಿ ಎಳೆ ಗಿಡ್ಡವಾಗಿ, ಬಡಿದು ಕೂರಿಸುವಾಗ ಚಕ್ಕೆ ಏಳುತ್ತದೆ. ಕಾಫಿ ತೋಟದ ಸಿಲ್ವರ್ ಓಕ್‌ನಲ್ಲೇ ಕಲಿಯುವವರು 1:6 ತಗೊಳ್ಳಿ. ತೇಗ, ಹಲಸು, ಹೊನ್ನೆ, ಬೀಟೆ ಎಲ್ಲ ಕೈಗೆ ಬರುವವರಿಗೆ 1:8 ಒಂದೇ ಸಾಕು. ಹಳೆಯ ಎಸ್ಟೇಟ್ ಬಂಗಲೆಗಳ ಡ್ರಾಯರ್ ರಿಪೇರಿಗೆ ಮಾತ್ರ ಈ ಯಾವ ಗೈಡೂ ಬೇಡ. ಆ ಬಡಗಿ ತನಗೆ ಸರಿಕಂಡ ಓರೆ ಇಟ್ಟಿರುತ್ತಾನೆ. ಅದನ್ನು ಬೆವೆಲ್‌ನಲ್ಲಿ (ಓರೆ ಅಳೆಯುವ ಮಟ್ಟದಲ್ಲಿ) ಅಳೆದು ಕಣ್ಣಳತೆಯಲ್ಲೇ ಕೊಯ್ಯಬೇಕು.

ಟೇಲ್ ಕೊಯ್ಯುವಾಗ ಹಲಗೆಯ ತುದಿಯಲ್ಲಿ ಗೆರೆ ನೇರ, ಮುಖದಲ್ಲಿ ಓರೆ. ಪಿನ್ (ಟೇಲುಗಳ ನಡುವೆ ಕೂರುವ ಭಾಗ) ಕೊಯ್ಯುವಾಗ ತುದಿಯಲ್ಲಿ ಓರೆ, ಮುಖದಲ್ಲಿ ನೇರ. ಎರಡಕ್ಕೂ ಗೈಡಿನಲ್ಲಿ ಬದಿ ಇದೆಯೇ ಎಂದು ನೋಡಿಕೊಳ್ಳಿ. ಬಂದ ದಿನವೇ ಒಂದು ಹಾಳು ಹಲಗೆಯಲ್ಲಿ ಟೇಲ್ ಕೊಯ್ದು, ತುದಿಯ ಗೆರೆಗೆ ಮೂಲೆಮಟ್ಟ ಹಿಡಿಯಿರಿ. ಅಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಗೈಡನ್ನು ವಾಪಸ್ ಕಳಿಸಿ.

ಗೈಡನ್ನು ಮನೆಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ, ಒಳ್ಳೆಯದೇ. ಮ್ಯಾಗ್ನೆಟ್ಟಿನ ಯಾವ ಧ್ರುವ ಹೊರಗಿದ್ದರೂ ಗರಗಸ ಹಿಡಿಯುತ್ತದೆ, ಅದರ ಚಿಂತೆ ಬೇಡ. ಮ್ಯಾಗ್ನೆಟ್ಟನ್ನು ಬದಿಗಿಂತ ಒಂದು ಕೂದಲು ಒಳಗೆ ಕೂರಿಸಿ ಮೇಲೆ ನುಣುಪು ಟೇಪ್ ಅಂಟಿಸಿ. ಮೈಗೆ ಮಾತ್ರ ಇಡೀ ಮರದ ತುಂಡು ಬೇಡ. ಜೂನ್‌ನಲ್ಲಿ ಮಳೆ ಹಿಡಿದರೆ ನಮ್ಮಲ್ಲಿ ಮರ ಎಳೆಗೆ ಅಡ್ಡವಾಗಿ ಉಬ್ಬುತ್ತದೆ, ಬೇಸಿಗೆಯಲ್ಲಿ ಮಾಡಿದ ಓರೆ ಆಗ ಅದೇ ಓರೆ ಆಗಿರುವುದಿಲ್ಲ. ಒಳ್ಳೆಯ ಪ್ಲೈವುಡ್ ಅಥವಾ ಅಲ್ಯೂಮಿನಿಯಂ ಬಳಸಿ. ಇದೇ ಕಾರಣಕ್ಕೆ ಮಳೆಗಾಲದಲ್ಲಿ ಒಲೆಯ ಅಟ್ಟದಲ್ಲಿದ್ದ ಹಲಗೆಗೂ ಶೆಡ್ಡಿನಲ್ಲಿದ್ದ ಹಲಗೆಗೂ ಜೋಡಿ ಕಟ್ಟಬೇಡಿ. ಎರಡನ್ನೂ ಒಂದೇ ಕಡೆ ಕೆಲವು ವಾರ ಇಟ್ಟು, ಟೇಲ್ ಕೊಯ್ದ ದಿನವೇ ಪಿನ್ ಗುರುತು ಹಾಕಿ ಕೊಯ್ದು ಮುಗಿಸಿ.

ಗುರುತು ಹಾಕುವ ಕೆಲಸಕ್ಕೆ ಗೈಡ್ ನೆರವಾಗುವುದಿಲ್ಲ. ಟೇಲಿನ ಅಂಚಿಗೆ ಚಾಕು ತಾಗಿಸಿ ಪಿನ್ ಹಲಗೆಯ ತುದಿಗೆ ಗೆರೆ ಇಳಿಸಬೇಕು, ಪೆನ್ಸಿಲ್ ಬೇಡ. ಗೆರೆಯ ಯಾವ ಪಕ್ಕ ತೆಗೆದುಹಾಕುವ ಮರ ಎಂದು ಅಡ್ಡಗೀಟು ಹಾಕಿಟ್ಟುಕೊಂಡು, ಅಲಗು ಪೂರ್ತಿ ಆ ಪಕ್ಕದಲ್ಲೇ ಇಳಿಯುವಂತೆ ಗೈಡ್ ಇಡಿ. ಜಾಯಿಂಟ್ ಸಡಿಲವಾಗುವುದು ಬಹಳ ಸಲ ಓರೆ ತಪ್ಪಿ ಅಲ್ಲ, ಈ ಅರ್ಧ ಮಿಲಿಮೀಟರ್ ತಪ್ಪಿ.

ಅರ ಹಾಕಿದ ಕಬ್ಬಿಣದ ಪುಡಿ ಗೈಡಿಗೆ ಹತ್ತಿದರೆ ಅಂಟು ಟೇಪಿನಿಂದ ಎತ್ತಿ ತೆಗೆಯಿರಿ, ಇಲ್ಲದಿದ್ದರೆ ಅಲಗಿಗೆ ಗೀರು ಬೀಳುತ್ತದೆ. ಮ್ಯಾಗ್ನೆಟ್ಟಿನ ನಿಕಲ್ ಲೇಪ ಒಡೆದರೆ ನಮ್ಮ ಥಂಡಿಗೆ ಬೇಗ ತುಕ್ಕು ಹಿಡಿಯುತ್ತದೆ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಗೈಡನ್ನು ಅವರ ಕೈಗೆ ಸಿಗದಂತೆ ಬೇರೆ ಕೋಣೆಯಲ್ಲಿಡಿ.