ಕಂಪನಿ ಮಾರಾಟವಾದರೆ ಡಿಶ್ ತಿರುಗಿಸಬೇಕಾ?

ಉಪಗ್ರಹ ಕಂಪನಿಯೊಂದು ಮಾರಾಟವಾಯಿತು ಅಂತ ಪೇಪರಿನಲ್ಲಿ ಬಂದರೆ ಸಾಕು, ಅವತ್ತು ನನ್ನ ಫೋನಿಗೆ ಬಿಡುವಿಲ್ಲ. 'ಮೇಡಂ, ಮಾರಿಬಿಟ್ಟರಂತಲ್ಲ, ನಮ್ಮ ಚಾನೆಲ್ ಗತಿ ಏನು? ಕೇಬಲ್‌ನವರಿಗೆ ಡಿಶ್ ತಿರುಗಿಸೋಕೆ ಹೇಳಬೇಕಾ?' 2025ರ ಜುಲೈನಲ್ಲಿ ಲಕ್ಸೆಂಬರ್ಗ್‌ನ ಎಸ್‌ಇಎಸ್ ಕಂಪನಿ ಇಂಟೆಲ್‌ಸ್ಯಾಟ್ ಅನ್ನು 310 ಕೋಟಿ ಡಾಲರ್‌ಗೆ ಕೊಂಡಾಗಲೂ ಇದೇ ಪ್ರಶ್ನೆ. ಟಿವಿ ಚಾನೆಲ್‌ಗಳಿಗೆ ಟ್ರಾನ್ಸ್‌ಪಾಂಡರ್ (ಸಿಗ್ನಲ್ ಪಡೆದು ಮತ್ತೆ ಭೂಮಿಗೆ ಕಳಿಸುವ, ಉಪಗ್ರಹದೊಳಗಿನ ಉಪಕರಣ) ಬಾಡಿಗೆಯ ಕರಾರು ಮಾಡಿಸಿಕೊಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ಉತ್ತರ ಚಿಕ್ಕದು. ಬೇಡ, ಡಿಶ್ ಮುಟ್ಟಬೇಡಿ.

ಇಷ್ಟು ಹೇಳಿದರೆ ಯಾರೂ ಒಪ್ಪಲ್ಲ, ಅದಕ್ಕೇ ಏಷ್ಯಾಸ್ಯಾಟ್ ಕತೆ ಹೇಳುತ್ತೇನೆ. ಹಾಂಗ್‌ಕಾಂಗ್‌ನ ಈ ಕಂಪನಿ ಶುರುವಾದದ್ದು 1988ರಲ್ಲಿ. ಪಾಲುದಾರರು ಮೂವರು: ಬ್ರಿಟನ್ನಿನ ಕೇಬಲ್ ಅಂಡ್ ವೈರ್‌ಲೆಸ್, ಹಾಂಗ್‌ಕಾಂಗ್‌ನ ಹಚಿಸನ್, ಚೀನಾ ಸರ್ಕಾರದ ಸಿಟಿಕ್. 1996ರಲ್ಲಿ ಷೇರು ಪೇಟೆಗೆ ಬಂತು. ಆ ದಶಕದ ಕೊನೆಯಲ್ಲಿ ಎಸ್‌ಇಎಸ್ ದೊಡ್ಡ ಪಾಲು ಕೊಂಡಿತು. 2007ರಲ್ಲಿ ಆ ಪಾಲು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ಗೆ ಹೋಯಿತು, 2015ರಲ್ಲಿ ಅಲ್ಲಿಂದ ಕಾರ್ಲೈಲ್ ಎಂಬ ಹೂಡಿಕೆ ಸಂಸ್ಥೆಗೆ. 2019ರಲ್ಲಿ ಕಾರ್ಲೈಲ್ ಮತ್ತು ಸಿಟಿಕ್ ಸೇರಿ ಉಳಿದ ಷೇರನ್ನೂ ಕೊಂಡು ಕಂಪನಿಯನ್ನು ಷೇರು ಪೇಟೆಯಿಂದಲೇ ಹೊರಗೆ ತಂದವು.

ಇಷ್ಟೆಲ್ಲ ಕೈ ಬದಲಾದ ಕಾಲದಲ್ಲಿ 105.5 ಡಿಗ್ರಿ ಪೂರ್ವಕ್ಕೆ, ಅಂದರೆ ಸಮಭಾಜಕದ ಮೇಲೆ ಆ ರೇಖಾಂಶದಲ್ಲಿ ಉಪಗ್ರಹ ನಿಲ್ಲುವ ಜಾಗಕ್ಕೆ, ಮುಖ ಮಾಡಿದ್ದ ಡಿಶ್‌ಗಳು ಹಾಗೇ ಇದ್ದವು. ಅಲ್ಲಿದ್ದ ಏಷ್ಯಾಸ್ಯಾಟ್ 1 ಹೋಗಿ 3ಎಸ್ ಬಂತು, ಆಮೇಲೆ 7 ಬಂತು. ಉಪಗ್ರಹವೇ ಬದಲಾದರೂ ಜಾಗ ಬದಲಾಗಲಿಲ್ಲ. ಡಿಶ್ ನೋಡುವುದು ಆ ಜಾಗವನ್ನು. ಷೇರು ಯಾರದ್ದು ಅಂತ ಅದಕ್ಕೆ ಏನು ಗೊತ್ತು?

ಆ ಏಷ್ಯಾಸ್ಯಾಟ್ 1ರ ಹಿನ್ನೆಲೆ ಇನ್ನೂ ಮಜವಾಗಿದೆ. ಅದರ ಮೂಲ ಹೆಸರು ವೆಸ್ಟಾರ್ 6. ಅಮೆರಿಕದ ವೆಸ್ಟರ್ನ್ ಯೂನಿಯನ್ ಕಂಪನಿಯದ್ದು. 1984ರ ಫೆಬ್ರುವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ಶಟಲ್‌ನಿಂದ ಬಿಟ್ಟಾಗ ರಾಕೆಟ್ ಮೋಟಾರ್ ಕೈಕೊಟ್ಟು ಕೆಳಗಿನ ಕಕ್ಷೆಯಲ್ಲೇ ಉಳಿಯಿತು. ವಿಮೆಯವರು ದುಡ್ಡು ಕೊಟ್ಟರು, ಉಪಗ್ರಹ ಅವರದ್ದಾಯಿತು. ಕೆಟ್ಟು ನಿಂತ ಉಪಗ್ರಹ ಇಟ್ಟುಕೊಂಡು ಏನು ಮಾಡುವುದು? ಅದೇ ನವೆಂಬರ್‌ನಲ್ಲಿ ಡಿಸ್ಕವರಿ ಶಟಲ್‌ನ ಗಗನಯಾತ್ರಿಗಳು ಹೋಗಿ ಅದನ್ನೂ ಇಂಡೊನೇಷ್ಯಾದ ಪಾಲಾಪಾ ಬಿ2 ಉಪಗ್ರಹವನ್ನೂ ಹಿಡಿದು ತಂದರು. ಡೇಲ್ ಗಾರ್ಡ್ನರ್ ಬಾಹ್ಯಾಕಾಶದಲ್ಲೇ 'ಮಾರಾಟಕ್ಕಿದೆ' ಅಂತ ಬೋರ್ಡ್ ಹಿಡಿದು ಫೋಟೊ ತೆಗೆಸಿಕೊಂಡರು. ದುರಸ್ತಿಯಾದ ವೆಸ್ಟಾರ್ ಅನ್ನು ಏಷ್ಯಾಸ್ಯಾಟ್ ಕೊಂಡು, 1990ರ ಏಪ್ರಿಲ್‌ನಲ್ಲಿ ಚೀನಾದ ಲಾಂಗ್ ಮಾರ್ಚ್ ರಾಕೆಟ್‌ನಲ್ಲಿ ಮೇಲೆ ಕಳಿಸಿತು. ಮರುವರ್ಷ ಸ್ಟಾರ್ ಟಿವಿ, 1992ರಲ್ಲಿ ಝೀ ಟಿವಿ ನಮ್ಮ ಮನೆಗಳಿಗೆ ಬಂದದ್ದು ಇದೇ ಉಪಗ್ರಹದಿಂದ. ಇದನ್ನು ಹೇಳಿದರೆ ಕಕ್ಷಿದಾರರು ಖುಷಿಯಿಂದ ಕೇಳುತ್ತಾರೆ. ಕೇಳಿ ಮುಗಿಸಿ, 'ಸರಿ ಮೇಡಂ, ಈಗ ಡಿಶ್ ತಿರುಗಿಸಬೇಕಾ?' ಅನ್ನುತ್ತಾರೆ!

ದಿವಾಳಿಯಾದರೆ? ಆಗಲೂ ಅಷ್ಟೇ, ಸಾಮಾನ್ಯವಾಗಿ. ಇಂಟೆಲ್‌ಸ್ಯಾಟ್ 2020ರ ಮೇನಲ್ಲಿ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು, 2022ರಲ್ಲಿ ಸಾಲವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿಕೊಂಡು ಹೊರಬಂತು. ಸಾಲ ಕೊಟ್ಟವರಿಗೆ ಬೇಕಾದ್ದು ಪ್ರತಿ ತಿಂಗಳ ಬಾಡಿಗೆ. ಉಪಗ್ರಹ ನಿಲ್ಲಿಸಿದರೆ ಮೊದಲು ಮುಳುಗುವವರು ಅವರೇ. 'ಸಾಮಾನ್ಯವಾಗಿ' ಅಂದೆ, ಗಮನಿಸಿ. ಹೊಸ ಕಂಪನಿ, ಒಂದೇ ಉಪಗ್ರಹ, ಅದರಲ್ಲೂ ಇಂಧನ ಮುಗಿಯುತ್ತಿದೆ ಅಂತಿದ್ದರೆ ನಾನು ಇಷ್ಟು ಧೈರ್ಯ ಹೇಳಲ್ಲ.

ಹಾಗಾದರೆ ಡಿಶ್ ತಿರುಗಿಸುವ ದಿನ ಬರುವುದೇ ಇಲ್ವಾ? ಬಂತಲ್ಲ, ಅದೂ ಏಷ್ಯಾಸ್ಯಾಟ್ ವಿಷಯದಲ್ಲೇ. ವಿದೇಶಿ ಉಪಗ್ರಹ ಭಾರತದಲ್ಲಿ ಸೇವೆ ಕೊಡಬೇಕಾದರೆ ಕೇಂದ್ರ ಸರ್ಕಾರದ ಬಾಹ್ಯಾಕಾಶ ಅನುಮತಿ ಸಂಸ್ಥೆಯಾದ ಇನ್‌ಸ್ಪೇಸ್‌ನ ಅನುಮತಿ ಬೇಕು ಎಂಬ ನಿಯಮ ಬಿಗಿಯಾಯಿತು. ಏಷ್ಯಾಸ್ಯಾಟ್ 5 ಮತ್ತು 7ಕ್ಕೆ ಸಿಕ್ಕಿದ್ದು 2026ರ ಮಾರ್ಚ್ ವರೆಗಿನ ಅನುಮತಿ ಮಾತ್ರ. ದೊಡ್ಡ ಚಾನೆಲ್‌ಗಳು ಗಡುವಿಗೆ ಮುಂಚೆಯೇ ನಮ್ಮ ದೇಶದ ಜಿಸ್ಯಾಟ್ ಉಪಗ್ರಹಗಳು ಮತ್ತು ಇಂಟೆಲ್‌ಸ್ಯಾಟ್ ಕಡೆ ಹೊರಟವು. ಕಾರಣ ಚೀನಾದ ಪಾಲು ಅಂತ ಎಲ್ಲರೂ ಅಂದರು, ನನಗೂ ಹಾಗೇ ಅನಿಸುತ್ತದೆ. ಆದರೆ ಒಂದು ನೋಡಿ: ಸಿಟಿಕ್ ಆ ಕಂಪನಿಯಲ್ಲಿ ಮೊದಲ ದಿನದಿಂದ ಇತ್ತು. ಬ್ರಿಟನ್, ಲಕ್ಸೆಂಬರ್ಗ್, ಅಮೆರಿಕದವರು ಬಂದು ಹೋದಾಗ ಏನೂ ಆಗಲಿಲ್ಲ. ಕದಲದೆ ಕೂತಿದ್ದ ಪಾಲುದಾರನಿಂದ ತೊಂದರೆ ಬಂತು, ಯಾಕೆಂದರೆ ಬದಲಾದದ್ದು ನಮ್ಮ ನಿಯಮ. ಬಸ್ಸಿನ ಮಾಲೀಕರು ಯಾರಾದರೇನು, ಪರ್ಮಿಟ್ ಮುಗಿದರೆ ಬಸ್ ನಿಲ್ಲುತ್ತದೆ, ಅಲ್ವಾ?

ನಿಜವಾಗಿ ತಿರುಗಿಸುವುದು ಎಷ್ಟು ಕಷ್ಟ ಅಂತ ಒಮ್ಮೆ ಕೇಬಲ್‌ನವರ ತಾರಸಿ ಹತ್ತಿ ನೋಡಿ. ಕರ್ನಾಟಕದಿಂದ 105.5 ಡಿಗ್ರಿ ಅಂದರೆ ಹೆಚ್ಚುಕಡಿಮೆ ಪೂರ್ವಕ್ಕೆ, ಸ್ವಲ್ಪ ಆಗ್ನೇಯಕ್ಕೆ. ಇಂಟೆಲ್‌ಸ್ಯಾಟ್ 20 ಇರುವ 68.5 ಡಿಗ್ರಿ ನೈಋತ್ಯಕ್ಕೆ. ತುಕ್ಕು ಹಿಡಿದ ಬೋಲ್ಟ್‌ಗೆ ಎಣ್ಣೆ ಬಿಟ್ಟು ಕಾಯಬೇಕು. ಡಿಶ್ ಇನ್ನೊಂದು ದಿಕ್ಕಿಗೆ ಹೋಗಬೇಕು, ಜೊತೆಗೆ ಇನ್ನೂ ಮೇಲಕ್ಕೆ ಏಳಬೇಕು. ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯನ್ನೂ ತಿರುಗಿಸಬೇಕು, ಇಲ್ಲದಿದ್ದರೆ ಅರ್ಧ ಚಾನೆಲ್ ಬರಲ್ಲ. ಒಬ್ಬ ಸ್ಪ್ಯಾನರ್ ಹಿಡಿದಿರುತ್ತಾನೆ, ಇನ್ನೊಬ್ಬ ಮೀಟರ್ ನೋಡಿ 'ಸ್ವಲ್ಪ, ಇನ್ನು ಸ್ವಲ್ಪ, ಸಾಕು, ಅಯ್ಯೋ ಹೋಯ್ತು' ಅನ್ನುತ್ತಿರುತ್ತಾನೆ. ಇದು ಎಲ್ಲ ಊರಲ್ಲೂ ಆಗಬೇಕು. ಅದಕ್ಕೇ ಚಾನೆಲ್‌ಗಳು ಸ್ವಲ್ಪ ಕಾಲ ಎರಡೂ ಉಪಗ್ರಹದಲ್ಲಿ ಒಟ್ಟಿಗೆ ಪ್ರಸಾರ ಮಾಡುತ್ತವೆ, ಎರಡೂ ಕಡೆ ಬಾಡಿಗೆ ಕಟ್ಟಿ.

ನನಗೆ ಸಿಟ್ಟು ಬರುವುದು ಇಲ್ಲೇ. ಷೇರು ಮಾರಾಟದ ಸುದ್ದಿಗೆ ರಾತ್ರಿ ಹತ್ತಕ್ಕೂ ಫೋನ್ ಮಾಡುವ ಪುಣ್ಯಾತ್ಮರು, ಅನುಮತಿ ಯಾವತ್ತಿಗೆ ಮುಗಿಯುತ್ತದೆ ಅಂತ ಒಂದು ಸಲವೂ ಕೇಳಲ್ಲ. ಕಂಪನಿ ಮಾರಾಟವಾದರೆ ಸಾಮಾನ್ಯವಾಗಿ ನಿಮಗಿರುವ ಕೆಲಸ ಇಷ್ಟೇ: ಬಿಲ್ಲಿನಲ್ಲಿ ಹೆಸರು, ಬ್ಯಾಂಕ್ ಖಾತೆ ಬದಲಾಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳುವುದು. ಮಾಲೀಕತ್ವ ಬದಲಾದರೆ ಕರಾರು ಬಿಡುವ ಹಕ್ಕು ನಿಮಗಿದೆಯಾ ಅಂತಲೂ ನೋಡಿ. ನಿಮ್ಮ ಕರಾರು ಓದದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಅನುಮತಿಯ ಮಾತು ಬೇರೆ. ಎಷ್ಟೋ ಕಡತಗಳಲ್ಲಿ ಬಾಡಿಗೆ ಐದು ವರ್ಷಕ್ಕೆ, ಅನುಮತಿ ಒಂದೇ ವರ್ಷಕ್ಕೆ ಇರುತ್ತದೆ. ಅನುಮತಿ ಮುಂದುವರಿಯದಿದ್ದರೆ ಉಳಿದ ನಾಲ್ಕು ವರ್ಷದ ಬಾಡಿಗೆ ಯಾರು ಕಟ್ಟಬೇಕು, ಎರಡು ಕಡೆ ಪ್ರಸಾರದ ಖರ್ಚು ಯಾರದ್ದು? ಆ ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಸಹಿ ಹಾಕುವ ಮುಂಚೆಯೇ ಬರೆಸಿ. ಸಹಿಯಾದ ಮೇಲೆ ಕೇಳಿದರೆ ಯಾವ ಕಂಪನಿಯೂ ಸುಮ್ನೆ ಒಪ್ಪಲ್ಲ.