ಸುಳಿಯೂ ಇಲ್ಲ, ಅಲೆಯೂ ಇಲ್ಲ, ಆದರೂ ಕಯಾಕ್ ಮಗುಚಿತು

ಎಲ್ಲಾದರೂ ದೋಣಿ ಮಗುಚಿದ ಸುದ್ದಿ ಬಂದರೆ ಸಾಕು, ‘ಆ ಜಾಗವೇ ಸರಿಯಿಲ್ಲ’, ‘ಗಂಗಮ್ಮ ಬಲಿ ಕೇಳಿದಳು’ ಎನ್ನುವ ಮಾತು ಶುರುವಾಗುತ್ತದೆ. ಸ್ವಲ್ಪ ಓದಿಕೊಂಡವರು ಗಂಗಮ್ಮನನ್ನು ಬಿಟ್ಟು ಸುಳಿಯ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಮೀನು ಹಿಡಿಯುವ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಮಗುಚಲು ಸುಳಿಯೂ ಬೇಡ, ಅಲೆಯೂ ಬೇಡ. ಗಾಳಿಯೇ ಇಲ್ಲದ ಬೆಳಿಗ್ಗೆ, ಅಲುಗಾಡದ ಕೆರೆಯಲ್ಲಿ, ಬೆನ್ನ ಹಿಂದಿಟ್ಟ ಗಾಳದ ಡಬ್ಬಿಗಾಗಿ ಒಮ್ಮೆ ತಿರುಗಿದರೂ ಆಯಿತು.

ಯಾಕೆ ಹೀಗೆ? ದೋಣಿಯ ಮೇಲೆ ಎರಡು ಬಲಗಳ ಆಟ ನಡೆಯುತ್ತಿರುತ್ತದೆ. ತೂಕ ಕೆಳಕ್ಕೆ ಎಳೆಯುತ್ತದೆ, ನೀರು ಮೇಲಕ್ಕೆ ತಳ್ಳುತ್ತದೆ. ದೋಣಿ ಬಲಕ್ಕೆ ವಾಲಿತು ಅಂದುಕೊಳ್ಳಿ. ಬಲಪಕ್ಕ ಜಾಸ್ತಿ ಮುಳುಗುತ್ತದೆ. ಆಗ ನೀರು ತಳ್ಳುವ ಜಾಗವೂ ಬಲಕ್ಕೆ ಸರಿಯುತ್ತದೆ. ಅಲ್ಲಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಅದು ದೋಣಿಯ ನಟ್ಟನಡುವಿನ ಗೆರೆಯನ್ನು ಮುಟ್ಟುವ ಬಿಂದುವೇ ಮೆಟಾಸೆಂಟರ್. ನೀವು, ದೋಣಿ, ಸಾಮಾನು ಎಲ್ಲ ಸೇರಿದ ತೂಕದ ಕೇಂದ್ರ ಇದಕ್ಕಿಂತ ಕೆಳಗಿದ್ದರೆ ನೀರೇ ದೋಣಿಯನ್ನು ನೆಟ್ಟಗೆ ಮಾಡುತ್ತದೆ. ಮೇಲಿದ್ದರೆ ಅದೇ ನೀರು ಮಗುಚಿ ಹಾಕುತ್ತದೆ.

ಈ ಬಿಂದುವಿಗೆ ಹೆಸರಿಟ್ಟವನು ಫ್ರಾನ್ಸಿನ ವಿಜ್ಞಾನಿ ಪಿಯರ್ ಬೂಗೇ. 1735ರಲ್ಲಿ ಭೂಮಿಯ ಆಕಾರ ಅಳೆಯಲು ದಕ್ಷಿಣ ಅಮೆರಿಕಕ್ಕೆ ಹೊರಟ ತಂಡದಲ್ಲಿ ಅವನಿದ್ದ. ಹಡಗಿನ ಬಗೆಗಿನ ತನ್ನ ಗ್ರಂಥದ ಬಹುಪಾಲನ್ನು ಅವನು ಬರೆದದ್ದು ಸಮುದ್ರದ ಮೇಲಲ್ಲ, ಆಂಡಿಸ್ ಬೆಟ್ಟಗಳಲ್ಲಿ! ಅದು ಅಚ್ಚಾದದ್ದು 1746ರಲ್ಲಿ. ಅದಕ್ಕೂ ನೂರು ವರ್ಷಕ್ಕಿಂತ ಮೊದಲು, 1628ರ ಆಗಸ್ಟ್ 10ರಂದು, ಸ್ವೀಡನ್ನಿನ ವಾಸಾ ಯುದ್ಧನೌಕೆ 64 ತೋಪು ಹೊತ್ತು ಸ್ಟಾಕ್‌ಹೋಮ್‌ನಿಂದ ಹೊರಟಿತ್ತು. ತೂಕದ ಕೇಂದ್ರ ತೀರಾ ಮೇಲಿದ್ದುದರಿಂದ ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಸಣ್ಣದೊಂದು ಗಾಳಿಗೆ ವಾಲಿ ಮುಳುಗಿತು. ಹೊರಡುವ ಮೊದಲು 30 ಜನರನ್ನು ಅಟ್ಟದ ಮೇಲೆ ಅತ್ತಿಂದಿತ್ತ ಓಡಿಸಿ ಪರೀಕ್ಷೆ ಮಾಡಿದ್ದರು. ಹಡಗು ತೀರಾ ಓಲಾಡಿತೆಂದು ಓಟವನ್ನು ಅರ್ಧಕ್ಕೇ ನಿಲ್ಲಿಸಿದರು. ಪ್ರಯಾಣವನ್ನು ಮಾತ್ರ ನಿಲ್ಲಿಸಲಿಲ್ಲ.

ಈಗ ಕಯಾಕಿಗೆ ಬರೋಣ. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕವಿದೆ. ಉದ್ದ, ತೂಕ ಅಷ್ಟೇ ಇದ್ದರೆ, ನೀರು ತಳ್ಳುವ ಜಾಗದಿಂದ ಮೆಟಾಸೆಂಟರಿಗಿರುವ ಎತ್ತರ ದೋಣಿಯ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. 75 ಸೆಂ.ಮೀ. ಅಗಲವನ್ನು 90ಕ್ಕೆ ಏರಿಸಿದಿರಿ ಅನ್ನಿ. ಅಗಲ ಹೆಚ್ಚಿದ್ದು ಬರೀ ಶೇ. 20. ಆದರೆ 1.2ನ್ನು ಮೂರು ಸಲ ಗುಣಿಸಿ ನೋಡಿ, 1.73! ಅಂದರೆ ಶೇ. 70ಕ್ಕೂ ಜಾಸ್ತಿ ಲಾಭ. ಮೀನು ಹಿಡಿಯುವ ಕಯಾಕುಗಳು ಅಷ್ಟು ಅಗಲವಾಗಿರುವುದು ಇದಕ್ಕೇ. ಕಾರವಾರ, ಗೋವಾ ಕಡೆಯ ಮೀನುಗಾರರು ಕಿರಿದಾದ ದೋಣಿಯ ಪಕ್ಕಕ್ಕೆ ಮರದ ದಿಮ್ಮಿ ಕಟ್ಟಿಕೊಳ್ಳುವುದೂ ಇದೇ ಉಪಾಯ. ಬೂಗೇಯನ್ನು ಓದಿ ಕಟ್ಟಿದ್ದಲ್ಲ ಅದು.

ಅಗಲದಿಂದ ಗಳಿಸಿದ್ದನ್ನು ಎದ್ದು ನಿಂತು ಕಳೆಯಬಹುದು. ದೋಣಿ 35 ಕಿಲೋ, ನೀವು 70 ಕಿಲೋ ಇದ್ದರೆ ಒಟ್ಟು ತೂಕದಲ್ಲಿ ಮೂರರಲ್ಲಿ ಎರಡು ಪಾಲು ನಿಮ್ಮದೇ. ಕೂತವರು ನಿಂತರೆ ದೇಹದ ತೂಕದ ಕೇಂದ್ರ ಸುಮಾರು 60 ಸೆಂ.ಮೀ. ಮೇಲೇರುತ್ತದೆ. ಒಟ್ಟು ಕೇಂದ್ರ ಸುಮಾರು 40 ಸೆಂ.ಮೀ. ಹಡಗಿನಲ್ಲಿ ಸರಕನ್ನು ಅಲುಗದಂತೆ ಬಿಗಿದು ಕಟ್ಟುತ್ತಾರೆ. ಕಯಾಕಿನಲ್ಲಿ ಸರಕೇ ನೀವು. ಮೀನು ಎಳೆದಾಗ ಬಗ್ಗುತ್ತೀರಿ, ತಲೆ ಅಂಚಿನಾಚೆ ಹೋಗುತ್ತದೆ, ಸೊಂಟ ಹಿಂಬಾಲಿಸುತ್ತದೆ. ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಹರಿವಿರುವ ಕಡೆ ಲಂಗರನ್ನು ದೋಣಿಯ ಪಕ್ಕಕ್ಕೆ ಕಟ್ಟುವುದಂತೂ ಇನ್ನೂ ಅಪಾಯ. ನೀರಿನ ಸೆಳೆತ ಆ ಅಂಚನ್ನೇ ಕೆಳಕ್ಕೆ ಎಳೆಯುತ್ತದೆ. ಲಂಗರು ಮೂತಿಗೋ ಹಿಂತುದಿಗೋ ಇರಬೇಕು.

ಹಾಗಾದರೆ ಅಗಲ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಅಲ್ವಾ? ಅಲ್ಲ. ಅಗಲ ದೋಣಿ ನೀರಿನ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಅಲೆ ಓರೆಯಾದರೆ ಅದೂ ಓರೆಯಾಗುತ್ತದೆ. ಹಡಗುಗಳ ಈ ಗುಣವನ್ನು 1861ರಲ್ಲೇ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ ವಿವರಿಸಿದ್ದ. ಇನ್ನೊಂದು ತಮಾಷೆ ನೋಡಿ, ಅಗಲವಾದ ಕಯಾಕ್ ತಲೆಕೆಳಗಾದ ಮೇಲೂ ಅಷ್ಟೇ ಭದ್ರವಾಗಿ ಕೂರುತ್ತದೆ. ಮತ್ತೆ ತಿರುಗಿಸಲು ನೀವೇ ಹೆಣಗಬೇಕು.

ಮುಚ್ಚಳ ಸಡಿಲವಾಗಿ ಕಯಾಕಿನ ಟೊಳ್ಳು ಹೊಟ್ಟೆಯೊಳಗೆ ನೀರು ಸೇರಿದರೆ ಕತೆ ಬೇರೆ. ಪರಾತದಲ್ಲಿ ನೀರು ತುಂಬಿ ಹೊತ್ತು ನಡೆದವರಿಗೆ ಗೊತ್ತು, ಕೊಡದಲ್ಲಿ ಇಲ್ಲದ ರಗಳೆ ಅದರಲ್ಲಿದೆ. ವಾಲಿದ ಕಡೆಗೇ ನೀರೆಲ್ಲ ಓಡುತ್ತದೆ, ಇನ್ನಷ್ಟು ವಾಲಿಸುತ್ತದೆ. ಇಲ್ಲಿ ನೀರು ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಅಗಲಕ್ಕೆ ಹರಡಿದೆ ಅನ್ನುವುದು ಮುಖ್ಯ.

ಮಗುಚಿದ ಮೇಲೆ ಕಯಾಕನ್ನು ಬಿಡಬಾರದು. ಖಾಲಿ ದೋಣಿಯನ್ನು ಗಾಳಿ ನಿಮ್ಮ ಈಜಿಗಿಂತ ಬೇಗ ಒಯ್ಯುತ್ತದೆ. ಹತ್ತುವಾಗ ಬಹಳ ಜನ ಗೋಡೆ ಹತ್ತುವವರ ಹಾಗೆ ನೆಟ್ಟಗೆ ಜೋತುಬೀಳುತ್ತಾರೆ, ಅದು ಮತ್ತೆ ಅವರ ಮೇಲೇ ಮಗುಚುತ್ತದೆ. ಮೊದಲು ಕಾಲು ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ಅಡ್ಡ ಮಾಡಿಕೊಳ್ಳಬೇಕು. ಆಮೇಲೆ ಹೊಟ್ಟೆಯ ಮೇಲೆ ಜಾರಿ ಅಡ್ಡ ಬಿದ್ದು, ಹೊರಳಿ, ಕೊನೆಗೆ ಕೂರಬೇಕು. ಇದನ್ನು ದಡದ ಹತ್ತಿರ ಎದೆಮಟ್ಟದ ನೀರಿನಲ್ಲಿ ಸುಮ್ನೆ ಆಟದ ಹಾಗೆ ಕಲಿಯಬಹುದು.

‘ಈಜು ಬರುತ್ತೆ, ಲೈಫ್ ಜಾಕೆಟ್ ಯಾಕೆ?’ ಎನ್ನುವವರಿಗೆ ಒಂದು ಮಾತು. ಅಮೆರಿಕದ ಸಿಯಾಟಲ್ ಕಡೆ ನೆಲೆಸಿರುವ ಕನ್ನಡಿಗರು ಇದನ್ನು ಗಮನಿಸಬೇಕು. ಅಲ್ಲಿ ನೆಲದೊಳಕ್ಕೆ ಚಾಚಿರುವ ಸಮುದ್ರ ಪ್ಯೂಜೆಟ್ ಸೌಂಡ್‌ನ ನೀರು ಬೇಸಿಗೆಯಲ್ಲೂ ಸುಮಾರು 13 ಡಿಗ್ರಿ. ಅಂಥ ತಣ್ಣೀರಿಗೆ ಬಿದ್ದ ಕೂಡಲೇ ಮೈ ತಾನಾಗಿಯೇ ಜೋರಾಗಿ ಉಸಿರೆಳೆದುಕೊಳ್ಳುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಈಜು ಬಂದರೂ ಉಪಯೋಗವಿಲ್ಲ. ಏದುಸಿರು ಹತೋಟಿಗೆ ಬರಲು ಒಂದೆರಡು ನಿಮಿಷ ಬೇಕು. ಅಷ್ಟು ಹೊತ್ತು ತಲೆ ಮೇಲಿರಬೇಕು. ಮುಳುಗಿದ ದೇಹಕ್ಕೆ ನೀರಿನಲ್ಲಿ ಹೆಚ್ಚು ತೂಕವೇ ಇರುವುದಿಲ್ಲ, ಹಾಗಾಗಿ ಸುಮಾರು ಏಳು ಕಿಲೋ ಎತ್ತುವ ಸಾಮಾನ್ಯ ಜಾಕೆಟ್ಟೇ ಸಾಕು. ಆದರೆ ಅದು ಮೈಮೇಲಿರಬೇಕು, ಸೀಟಿನ ಹಿಂದಲ್ಲ. ಸೀಟಿ, ನೀರು ಹೋಗದ ಚೀಲದಲ್ಲಿ ಫೋನು, ಗಾಳದ ದಾರ ಕಾಲಿಗೆ ಸುತ್ತಿದರೆ ಕತ್ತರಿಸಲು ಒಂದು ಚಾಕು, ಇವು ಮೂರೂ ಜಾಕೆಟ್ಟಿನಲ್ಲೇ ಇರಲಿ. ಡಬ್ಬಿಯಲ್ಲಿಟ್ಟದ್ದು ಡಬ್ಬಿಯ ಜೊತೆಗೇ ಹೋಗುತ್ತದೆ.