ಮೈಲುತುತ್ತವೂ ಮುಳುಗಿದ ಹಡಗೂ

ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ತೋಟದಲ್ಲಿ ಅಡಿಕೆಗೆ ಕೊಳೆಮದ್ದು ಹೊಡೆಯುತ್ತಾರೆ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ. ಎರಡನ್ನೂ ಬೆರೆಸಿದಾಗ ಬರುವ ಆ ತಿಳಿನೀಲಿ ಬಣ್ಣವನ್ನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ಮದ್ದು ಹೊಡೆದು ಇಳಿದವರ ಅಂಗಿ, ಮುಂಗೈ, ಹುಬ್ಬು ಎಲ್ಲ ನೀಲಿ. ಮೈಲುತುತ್ತದ ಒಳಗೆ ಕೆಲಸ ಮಾಡುವುದು ತಾಮ್ರ. ಆಫ್ರಿಕಾದ ಕಡಲಂಚಿನಲ್ಲಿ 475 ವರ್ಷ ಹೂತುಹೋಗಿದ್ದ ಒಂದು ಹಡಗು ಇಷ್ಟಾದರೂ ಉಳಿದು ನಮ್ಮ ಕೈಗೆ ಸಿಕ್ಕಿದ್ದು ಇದೇ ತಾಮ್ರದ ಗುಣದಿಂದ. ಅದನ್ನು ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹಡಗಿನ ಹೆಸರು ಬೊಂ ಜೆಸುಸ್. ಅದೇ ಹಡಗು ಇರಬೇಕು ಎಂದು ಹೆಚ್ಚಿನ ತಜ್ಞರ ಅಭಿಪ್ರಾಯ. ಸಿಕ್ಕಿದ್ದು ನಮೀಬಿಯಾದ ಒರಾಂಜೆಮುಂಡ್ ಪಟ್ಟಣದ ಹತ್ತಿರ, 2008ರ ಏಪ್ರಿಲ್‌ನಲ್ಲಿ. ಅದು ವಜ್ರದ ಗಣಿಯ ಜಾಗ. ಮರಳಿನ ಗೋಡೆ ಕಟ್ಟಿ, ಸಮುದ್ರವನ್ನು ಹಿಂದಕ್ಕೆ ತಳ್ಳಿ, ಕಡಲ ತಳದಲ್ಲೇ ವಜ್ರ ಹುಡುಕುತ್ತಾರೆ. ಹಾಗೆ ಅಗೆಯುವಾಗ ಗಣಿಯ ಭೂವಿಜ್ಞಾನಿಯೊಬ್ಬರ ಕಣ್ಣಿಗೆ ಅರ್ಧ ಗುಂಡಗಿನ ಕಲ್ಲಿನಂಥದ್ದೊಂದು ಬಿತ್ತು. ನೋಡಿದರೆ ಕಲ್ಲಲ್ಲ, ತಾಮ್ರದ ಗಟ್ಟಿ. ಕವುಚಿ ಹಾಕಿದ ಬೋಗುಣಿಯ ಹಾಗಿತ್ತು. ಅದರ ಮೇಲೆ ತ್ರಿಶೂಲದ ಗುರುತು.

ತ್ರಿಶೂಲ ಅಂದ ಕೂಡಲೇ ನಮ್ಮ ಮನಸ್ಸು ಎಲ್ಲಿಗೆ ಓಡುತ್ತದೆ ಅಂತ ನನಗೆ ಗೊತ್ತು. ಅಲ್ಲಿಗೆ ಓಡಬೇಡಿ. ಅದು ಜರ್ಮನಿಯ ಆಗ್ಸ್‌ಬರ್ಗ್ ಊರಿನ ಫುಗ್ಗರ್ ಮನೆತನದ ವ್ಯಾಪಾರದ ಮುದ್ರೆ. ಆ ಕಾಲದ ಯುರೋಪಿನ ರಾಜರಿಗೇ ಸಾಲ ಕೊಡುತ್ತಿದ್ದ ಸಾಹುಕಾರರು ಅವರು. ಈಗಿನ ಸ್ಲೊವಾಕಿಯಾದ ಬೆಟ್ಟಗಳ ತಾಮ್ರದ ಗಣಿಗಳು ಅವರ ಹಿಡಿತದಲ್ಲಿದ್ದವು. ಮುದ್ರೆಯನ್ನು ಸರಿಯಾಗಿ ಓದಿದ್ದಕ್ಕೆ ಇಷ್ಟು ತಿಳಿಯಿತು. ಪುರಾಣಕ್ಕೆ ಜೋಡಿಸಿ ಕೈತೊಳೆದುಕೊಂಡಿದ್ದರೆ ಏನೂ ತಿಳಿಯುತ್ತಿರಲಿಲ್ಲ, ಅಲ್ವಾ?

ಹಡಗಿನಲ್ಲಿ ಚಿನ್ನವೂ ಇತ್ತು. 2,000ಕ್ಕೂ ಹೆಚ್ಚು ನಾಣ್ಯಗಳು, ಅದರಲ್ಲಿ ಸ್ಪೇನಿನವೇ ಜಾಸ್ತಿ. ಸುದ್ದಿಯಲ್ಲೆಲ್ಲ ಆ ಚಿನ್ನದ್ದೇ ಮಾತಾಯಿತು. ಇದು ನನಗೆ ನೋವಿನ ವಿಷಯ. ನಮ್ಮ ಕಡೆಯೂ ಹಳೆಯದು ಅಂದರೆ ನಿಧಿ ಎಂದೇ ಲೆಕ್ಕ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು ಕುಂಕುಮ ಇಟ್ಟು, ಕೋಳಿ ಕೊಯ್ದು, ಪಾಳು ಗುಡಿಯ ಗರ್ಭಗುಡಿಯನ್ನೇ ಅಗೆದು ಹಾಕುತ್ತಾರೆ. ಸರ್ಪ ಕಾಯುತ್ತಿದೆ ಅನ್ನುತ್ತಾರೆ. ಶಾಸನ ಇರುವ ಕಲ್ಲನ್ನು ಒಡೆದು ಪಕ್ಕಕ್ಕೆ ಎಸೆಯುತ್ತಾರೆ. ನಿಧಿ ಸಿಗುವುದಿಲ್ಲ. ಶಾಸನ ಮಾತ್ರ ಹೋಗುತ್ತದೆ. ಮುಳುಗಿದ ಹಡಗಿನ ಮೇಲೆ ಕಣ್ಣಿಟ್ಟವರು ಮಾಡುವುದೂ ಇದನ್ನೇ.

ಹಾಗಾದರೆ ಚಿನ್ನದಿಂದ ಉಪಯೋಗವೇ ಇಲ್ಲವಾ? ಇದೆ, ಇಸವಿ ಹೇಳುವುದಕ್ಕೆ. ಪೋರ್ಚುಗಲ್ ದೊರೆ ಮೂರನೇ ಜೊವಾಂವ್ ಅಚ್ಚು ಹಾಕಿಸಿದ ಒಂದು ಬಗೆಯ ನಾಣ್ಯ ಅಲ್ಲಿ ಸಿಕ್ಕಿತು. ಅದು ಚಲಾವಣೆಗೆ ಬಂದದ್ದು 1525ರಲ್ಲಿ. 1538ಕ್ಕೆಲ್ಲ ವಾಪಸ್ ತರಿಸಿ ಕರಗಿಸಿಬಿಟ್ಟರು. ಅಂದರೆ ಹಡಗು ಹೊರಟದ್ದು ಆ 13 ವರ್ಷದ ಒಳಗೆ. ಪೋರ್ಚುಗೀಸರ ದಾಖಲೆ ತಿರುವಿದರೆ 1533ರ ಮಾರ್ಚ್‌ನಲ್ಲಿ ಲಿಸ್ಬನ್ನಿನಿಂದ ಭಾರತಕ್ಕೆ ಹೊರಟು, ಗುಡ್ ಹೋಪ್ ಭೂಶಿರದ ಕಡೆ ಕಾಣೆಯಾದ ಬೊಂ ಜೆಸುಸ್ ಸಿಗುತ್ತದೆ. ಸ್ಪೇನಿನ ಚಿನ್ನ ಯಾಕೆ ಅನ್ನುವುದಕ್ಕೂ ಉತ್ತರ ಇದೆ. ಅದೇ ವರ್ಷದ ಫೆಬ್ರವರಿಯ ಪತ್ರವೊಂದರಲ್ಲಿ, ಭಾರತಕ್ಕೆ ಹೊರಟ ಆ ಹಡಗುಪಡೆಗೆ ಬಂಡವಾಳ ಹಾಕಿದ ವ್ಯಾಪಾರಿಗಳಿಂದ 20,000 ಕ್ರುಸಾದೊ (ಪೋರ್ಚುಗಲ್ಲಿನ ನಾಣ್ಯ) ಬೆಲೆಯ ಚಿನ್ನ ತರಲು ದೊರೆ ಸ್ಪೇನಿನ ಸೆವಿಲ್ಲೆಗೆ ಆಳು ಕಳಿಸಿದ್ದು ಬರೆದಿದೆ.

ಈಗ ತಾಮ್ರಕ್ಕೆ ಬರೋಣ. ನನಗೆ ಇದೇ ಮುಖ್ಯ.

ಮರದ ಹಡಗು ಮುಳುಗಿದರೆ ಅದನ್ನು ತಿಂದು ಮುಗಿಸುವುದು ನೀರಲ್ಲ, ಹುಳ. ಮರ ಕೊರೆಯುವ ಈ ಹುಳ ನೋಡಲು ಎರೆಹುಳದ ಹಾಗಿದ್ದರೂ ಜಾತಿಯಲ್ಲಿ ಮರುವಾಯಿ, ಕಪ್ಪೆಚಿಪ್ಪಿನ ನೆಂಟ. ಚಿಪ್ಪು ಕುಗ್ಗಿ ತಲೆಯ ತುದಿಯಲ್ಲಿ ಎರಡು ಪುಟ್ಟ ಅರಗಳಾಗಿವೆ. ಆ ಅರದಿಂದ ಮರವನ್ನು ತುರಿಯುತ್ತಾ ಒಳಗೆ ಹೋಗುತ್ತದೆ. ತುರಿದ ಪುಡಿಯನ್ನು ಜೀರ್ಣಿಸಲು ಬೇಕಾದ ಕಿಣ್ವ ಮಾಡಿಕೊಡುವ ಬ್ಯಾಕ್ಟೀರಿಯಾಗಳನ್ನು ತನ್ನ ಕಿವಿರಿನಲ್ಲೇ ಸಾಕಿಕೊಂಡಿದೆ. ಗೆದ್ದಲು ಹಿಡಿದ ಬಾಗಿಲು ನೋಡಿದ್ದೀರಲ್ಲ, ಹೊರಗೆ ಬಣ್ಣ, ಒಳಗೆ ಟೊಳ್ಳು? ಥೇಟ್ ಹಾಗೆ.

ಆದರೆ ಮರದೊಳಗೆ ಸೇರುವ ಮೊದಲು ಅದು ಕಣ್ಣಿಗೆ ಕಾಣದಷ್ಟು ಸಣ್ಣ ಮರಿಯಾಗಿ ನೀರಿನಲ್ಲಿ ತೇಲುತ್ತಾ ಬಂದು ಮರದ ಮೇಲೆ ಕೂರಬೇಕು. ತಾಮ್ರ ಹೊಡೆಯುವುದು ಅಲ್ಲೇ. ಉಪ್ಪುನೀರಿನಲ್ಲಿ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ದೇವರ ಮನೆಯ ತಂಬಿಗೆಯನ್ನು ನಾಲ್ಕು ದಿನ ಹುಣಸೆಹಣ್ಣು ಹಾಕಿ ತಿಕ್ಕದಿದ್ದರೆ ಹಸಿರು ಕಟ್ಟುತ್ತದಲ್ಲ, ಅದೇ. ಆ ಕಿಲುಬಿನಿಂದ ತಾಮ್ರದ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಇರುವ ಸೂಕ್ಷ್ಮ ಕಣಗಳು, ಚೂರುಚೂರೇ ನೀರಿಗೆ ಬಿಡುತ್ತಾ ಇರುತ್ತವೆ. ಅವು ಜೀವಕೋಶದೊಳಗೆ ನುಗ್ಗಿ, ಪ್ರೋಟೀನುಗಳಲ್ಲಿರುವ ಗಂಧಕವನ್ನು ಹಿಡಿದುಕೊಳ್ಳುತ್ತವೆ. ಬೀಗದೊಳಗೆ ಬೇರೆ ಕೀ ಮುರಿದು ಕೂತರೆ ಏನಾಗುತ್ತದೆ? ಬೀಗ ಹಾಳಾಗಿರುವುದಿಲ್ಲ, ಆದರೆ ಸರಿಯಾದ ಕೀ ಒಳಗೆ ಹೋಗುವುದಿಲ್ಲ. ಕಿಣ್ವಗಳೂ ಪ್ರೋಟೀನುಗಳೇ, ಅವುಗಳ ಗತಿಯೂ ಹಾಗೇ. ಮರಿ ಅಲ್ಲೇ ಸಾಯುತ್ತದೆ. ಅಡಿಕೆ ಗೊನೆಯ ಮೇಲೆ ಬಿದ್ದ ಕೊಳೆರೋಗದ ಬೀಜಾಣುವಿಗೆ ಆಗುವುದೂ ಇದೇ. ಮೊಳಕೆ ಒಡೆಯುವ ಹೊತ್ತಿಗೆ ತಾಮ್ರ ಸಿಕ್ಕರೆ ಅದರ ಕಥೆ ಮುಗಿಯಿತು. 18ನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊಡೆಸಿದ್ದೂ ಇದೇ ಲೆಕ್ಕದಲ್ಲಿ.

ಬೊಂ ಜೆಸುಸ್‌ನಲ್ಲಿ ಯಾರೂ ತಗಡು ಹೊಡೆದಿರಲಿಲ್ಲ. ಮಾರಲು ಒಯ್ಯುತ್ತಿದ್ದ ಸರಕೇ ಮದ್ದಾಯಿತು. 1,800ಕ್ಕೂ ಹೆಚ್ಚು ಗಟ್ಟಿಗಳು, ತೂಕ 16 ಟನ್‌ಗೂ ಮೇಲೆ. ಹಡಗು ಒಡೆದಾಗ ಆ ಭಾರವೆಲ್ಲ ಮರ ಮತ್ತು ಉಳಿದ ಸಾಮಾನಿನ ಮೇಲೆ ಕೂತು ತಳಕ್ಕೆ ಒತ್ತಿ ಹಿಡಿಯಿತು. ಅಲೆ ಎಳೆದೊಯ್ಯಲು ಆಗಲಿಲ್ಲ. ಕಿಲುಬು ಹುಳವನ್ನು ದೂರ ಇಟ್ಟಿತು. ಮೇಲಿಂದ ಮರಳು ಮುಚ್ಚಿತು. ಆ ಕರಾವಳಿಯ ಬೆಂಗ್ವೆಲಾ ಎಂಬ ಕಡಲ ಹರಿವಿನ ನೀರು ತಣ್ಣಗಿದ್ದದ್ದೂ ಒಳ್ಳೆಯದೇ ಆಯಿತು.

ಅಷ್ಟು ತಾಮ್ರ ನಮ್ಮ ದೇಶಕ್ಕೆ ಯಾಕೆ ಅಂತ ಕೇಳಬಹುದು. ಕಾಳುಮೆಣಸಿಗೆ. ಮಲಬಾರಿನ ವ್ಯಾಪಾರಿಗಳು ಮೆಣಸಿನ ಬೆಲೆಯ ಒಂದು ಪಾಲನ್ನು ತಾಮ್ರದಲ್ಲೇ ತೆಗೆದುಕೊಳ್ಳುತ್ತಿದ್ದರು. ಪಾತ್ರೆಗೆ, ವಿಗ್ರಹಕ್ಕೆ, ಚಿಲ್ಲರೆ ಕಾಸಿಗೆ ದಕ್ಷಿಣ ಭಾರತದಲ್ಲಿ ತಾಮ್ರ ಎಷ್ಟಿದ್ದರೂ ಸಾಲದು. 1533 ಅಂದರೆ ಹಂಪಿಯಲ್ಲಿ ಅಚ್ಯುತರಾಯ ಆಳುತ್ತಿದ್ದ ಕಾಲ. ಪೋರ್ಚುಗೀಸರು ಮೆಣಸಿಗಾಗಿ ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದದ್ದು ಅವರೇ. ಈ ಹಡಗು ದಡ ಸೇರಿದ್ದರೆ ಸ್ಲೊವಾಕಿಯಾದ ತಾಮ್ರ ಇಲ್ಲಿ ಕರಗಿ ಯಾರದೋ ಮನೆಯ ಹಂಡೆಯೋ ಕೊಪ್ಪರಿಗೆಯೋ ಆಗಿಬಿಡುತ್ತಿತ್ತು. ದಡ ಸೇರಿದ ಹಡಗುಗಳ ತಾಮ್ರ ಕರಗಿ ಬೇರೆ ರೂಪ ತಾಳಿತು. ಗುರುತು ಉಳಿದದ್ದು ಮುಳುಗಿದ ಹಡಗಿನಲ್ಲಿ.

ತಾಮ್ರದ ಅಡಿಯಲ್ಲಿ ಇನ್ನೊಂದು ಸರಕಿತ್ತು. 100ಕ್ಕೂ ಹೆಚ್ಚು ಆನೆದಂತಗಳು. 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಅವುಗಳಿಂದ ಡಿಎನ್‌ಎ ತೆಗೆದರು. ಐದು ಶತಮಾನ ಕಡಲ ತಳದಲ್ಲಿದ್ದ ದಂತದಿಂದ! ಅವು ಪಶ್ಚಿಮ ಆಫ್ರಿಕಾದ ಅರಣ್ಯ ಆನೆ ಎಂಬ ಜಾತಿಯ ಆನೆಗಳದ್ದು, ಕನಿಷ್ಠ 17 ಬೇರೆ ಬೇರೆ ತಾಯಿ ವಂಶಗಳಿಗೆ ಸೇರಿದ್ದು. ಆ 17ರಲ್ಲಿ ಈಗಿನ ಆನೆಗಳಲ್ಲಿ ಗುರುತಿಸಲು ಸಿಕ್ಕಿದ್ದು 4 ಮಾತ್ರ. ನೆಲದ ಮೇಲೆ ಅಳಿಸಿಹೋದ ಆನೆಗಳ ಲೆಕ್ಕ ವ್ಯಾಪಾರದ ಹಡಗಿನ ಹೊಟ್ಟೆಯಲ್ಲಿತ್ತು. ಚಿನ್ನಕ್ಕಾಗಿ ಅಗೆಯುವವರ ಕೈಗೆ ಈ ಹಡಗು ಸಿಕ್ಕಿದ್ದರೆ ಅವರು ಆ ಕಪ್ಪಗಾದ ದಂತಗಳನ್ನು ಎತ್ತಿ ಬದಿಗೆ ಹಾಕುತ್ತಿದ್ದರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಅಲ್ಲಿ ಒಂದು ಶೂ ಸಿಕ್ಕಿತು. ಅದರೊಳಗೆ ಕಾಲ್ಬೆರಳಿನ ಮೂಳೆಗಳಿದ್ದವು. ಹಡಗಿನಲ್ಲಿದ್ದ ಮನುಷ್ಯರದ್ದು ಅಂತ ಸಿಕ್ಕಿದ್ದು ಬಹುತೇಕ ಅಷ್ಟೇ. ಅಗೆತ ಮುಗಿಯುವವರೆಗೆ ಮರಳಿನ ಗೋಡೆ ಸಮುದ್ರವನ್ನು ತಡೆದು ನಿಂತಿತ್ತು. ದೊರೆಯ ಹಡಗಾದ್ದರಿಂದ ಪೋರ್ಚುಗಲ್ ಹಕ್ಕು ಕೇಳಬಹುದಿತ್ತು, ಬಿಟ್ಟುಕೊಟ್ಟಿತು. ಎಲ್ಲವೂ ಒಟ್ಟಿಗೆ ನಮೀಬಿಯಾದಲ್ಲೇ ಉಳಿಯಿತು.

ನಮಗೆ ಹತ್ತಿರದ ಗೋವಾದಲ್ಲಿ, ಮೊರ್ಮುಗಾಂವ್ ಬಂದರಿನ ಆಚೆ ಸುಂಚಿ ಬಂಡೆಸಾಲಿನಲ್ಲಿ, 17ನೇ ಶತಮಾನದ ಪೋರ್ಚುಗೀಸ್ ಹಡಗೊಂದರ ಅವಶೇಷ ಇದೆ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಮುಳುಗಿ ನೋಡಿದಾಗ ಸಿಕ್ಕಿದ್ದು ಕಬ್ಬಿಣದ ತೋಪು, ಪಿಂಗಾಣಿ ಚೂರು, ಮರ್ತಬಾನ್ ಜಾಡಿಗಳ ತುಂಡು. ಜೊತೆಗೆ ಆನೆದಂತ, ನೀರಾನೆಯ ಹಲ್ಲು. ಅದೂ ಆಫ್ರಿಕಾದ್ದೇ. ಅಲ್ಲಿ ನೀರು ಬೆಚ್ಚಗಿದೆ, ಹುಳಕ್ಕೆ ಒಗ್ಗುವಂಥದ್ದು. ಮಳೆಗಾಲದ ಅಲೆ ಪ್ರತಿ ವರ್ಷ ಬಂಡೆಗಳ ನಡುವಿನ ಮರಳನ್ನು ಕಲಕುತ್ತದೆ. ಒತ್ತಿ ಹಿಡಿಯಲು ಮೇಲೆ 16 ಟನ್ ತಾಮ್ರ ಇಲ್ಲ.